ಚಂದ್ರನ ಕುಳಿಗಳು: ಮುನ್ನೂರು ವರ್ಷ ನಡೆದ ವಾದ

ಚಂದ್ರನ ಮೈ ನುಣುಪಾಗಿಲ್ಲ ಎಂಬುದು ಸ್ಪಷ್ಟವಾಗಿ ಕಂಡದ್ದು 1609ರ ಕೊನೆಯಲ್ಲಿ. ಇಟಲಿಯ ಪಡುವಾದಲ್ಲಿ ಗೆಲಿಲಿಯೊ ತನ್ನ ದೂರದರ್ಶಕವನ್ನು ಅತ್ತ ತಿರುಗಿಸಿದಾಗ ಬೆಳಕೂ ಕತ್ತಲೆಯೂ ಕೂಡುವ ಗಡಿ ಅಂಕುಡೊಂಕಾಗಿತ್ತು. ಕತ್ತಲೆಯ ಕಡೆಯಲ್ಲೂ ಅಲ್ಲಲ್ಲಿ ಬೆಳಕಿನ ಚುಕ್ಕೆಗಳಿದ್ದವು. ಅವು ಸೂರ್ಯನ ಕಿರಣ ಮೊದಲು ತಾಗಿದ ಬೆಟ್ಟದ ನೆತ್ತಿಗಳೆಂದು ಅವನು ಸರಿಯಾಗಿಯೇ ಊಹಿಸಿದ. 1651ರಲ್ಲಿ ಪಾದ್ರಿ ರಿಚ್ಚೊಲಿ ಪ್ರಕಟಿಸಿದ ನಕ್ಷೆಯಲ್ಲಿ ಕಪ್ಪು ಬಯಲುಗಳಿಗೆ ಸಾಗರಗಳ ಹೆಸರೂ ಕುಳಿಗಳಿಗೆ ಖಗೋಳಜ್ಞರ ಹೆಸರೂ ಬಂದವು. ಆ ಸಾಗರಗಳಲ್ಲಿ ನೀರಿಲ್ಲವೆಂದು ತಿಳಿದ ಮೇಲೂ ಹೆಸರುಗಳು ಉಳಿದಿವೆ.

ಹೆಸರಿಡುವುದು ಸುಲಭವಾಯಿತು, ಕುಳಿಗಳು ಉಂಟಾದ ಬಗೆಯನ್ನು ಹೇಳುವುದು ಆಗಲಿಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಇದಕ್ಕಾಗಿ ಎರಡು ಪ್ರಯೋಗ ಮಾಡಿದ. ನೀರು ಬೆರೆಸಿ ಕಲಸಿದ ಜೇಡಿಮಣ್ಣಿನ ಮೇಲೆ ಗುಂಡುಗಳನ್ನು ಬೀಳಿಸಿದಾಗ, ಸುತ್ತ ದಂಡೆ ಎದ್ದ ದುಂಡು ಗುಳಿಗಳು ಉಳಿದವು. ಅಲಬಾಸ್ಟರ್ ಕಲ್ಲಿನ ಪುಡಿಯನ್ನು ಕುದಿಸಿದಾಗಲೂ ಗುಳ್ಳೆ ಒಡೆದ ಕಡೆಯೆಲ್ಲ ಅಂಥವೇ ಗುಳಿಗಳು ಬಿದ್ದವು. ಹುಕ್ ಎರಡನೆಯದನ್ನೇ ಒಪ್ಪಿದ. ಚಂದ್ರನ ಮೇಲೆ ಬೀಳಲು ಕಲ್ಲುಗಳು ಬರುವುದಾದರೂ ಎಲ್ಲಿಂದ ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಆ ಕಾಲಕ್ಕೆ ಅದು ನ್ಯಾಯವಾದ ಆಕ್ಷೇಪವೇ. ಆಕಾಶದಿಂದ ಕಲ್ಲು ಬೀಳುವುದನ್ನು ವಿಜ್ಞಾನಿಗಳು ನಿಸ್ಸಂಶಯವಾಗಿ ಒಪ್ಪಿದ್ದು 1803ರಲ್ಲಿ ಫ್ರಾನ್ಸಿನ ಲೇಗ್ಲ್ ಊರಿನ ಸುತ್ತ ಸಾವಿರಾರು ಕಲ್ಲುಗಳು ಉದುರಿದ ಮೇಲೆ. ಅಷ್ಟರಲ್ಲಿ ಕುಳಿಗಳು ಜ್ವಾಲಾಮುಖಿಯಿಂದ ಆದವೆಂಬ ಮತ ಬೇರುಬಿಟ್ಟಿತ್ತು.

ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1893ರಲ್ಲಿ ಅದನ್ನು ಎದುರಿಸಿ, ಚಂದ್ರನ ಕುಳಿಗಳು ಅಪ್ಪಳಿಕೆಯಿಂದಲೇ ಆದವು ಎಂದು ವಾದಿಸಿದ. ವಿಚಿತ್ರವೆಂದರೆ, ಅರಿಜೋನಾದಲ್ಲಿರುವ ನಿಜವಾದ ಉಲ್ಕಾಕುಳಿಯನ್ನು ಕಣ್ಣಾರೆ ನೋಡಿದ್ದ ಅವನೇ ಅದನ್ನು ನೆಲದಡಿಯ ಹಬೆ ಸಿಡಿದು ಆದದ್ದೆಂದು ತೀರ್ಮಾನಿಸಿದ್ದ. ಅವನನ್ನು ಕಾಡಿದ ಇನ್ನೊಂದು ತೊಡಕು ಕುಳಿಗಳ ದುಂಡು ಆಕಾರ. ಓರೆಯಾಗಿ ಬಂದು ಬಡಿದ ಕಲ್ಲು ಉದ್ದನೆಯ ಗುಳಿ ಮಾಡಬೇಕಲ್ಲವೇ? ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದ ಕಲ್ಲು ನೆಲ ಮುಟ್ಟಿದೊಡನೆ ಬಾಂಬಿನಂತೆ ಸ್ಫೋಟಿಸುತ್ತದೆ, ಆದ್ದರಿಂದ ಯಾವ ಕೋನದಲ್ಲಿ ಬಂದರೂ ಕುಳಿ ಬಹುಮಟ್ಟಿಗೆ ದುಂಡಗೇ ಆಗುತ್ತದೆ ಎಂಬ ಉತ್ತರ 20ನೇ ಶತಮಾನದ ಮೊದಲ ದಶಕಗಳಲ್ಲಿ ಎಸ್ಟೋನಿಯಾದ ಎಪಿಕ್, ನ್ಯೂಜಿಲೆಂಡಿನ ಗಿಫರ್ಡ್ ಅವರಿಂದ ಬಂತು. 1949ರಲ್ಲಿ ರಾಲ್ಫ್ ಬಾಲ್ಡ್‌ವಿನ್ ಬಾಂಬ್ ಕುಳಿಗಳನ್ನೂ ಚಂದ್ರನ ಕುಳಿಗಳನ್ನೂ ಅಳೆದು ಹೋಲಿಸಿದ. 1960ರಲ್ಲಿ ಯೂಜಿನ್ ಶೂಮೇಕರ್ ಮತ್ತು ಸಂಗಡಿಗರು ಅರಿಜೋನಾದ ಕುಳಿಯಲ್ಲಿ ಅತಿಯಾದ ಒತ್ತಡದಲ್ಲಿ ಮಾತ್ರ ಹುಟ್ಟುವ ಕೋಯೆಸೈಟ್ ಎಂಬ ಖನಿಜವನ್ನು ಪತ್ತೆಹಚ್ಚಿ, ಆ ಕುಳಿ ಅಪ್ಪಳಿಕೆಯದೇ ಎಂದು ತೋರಿಸಿದರು.

ಆದರೂ ವಾದ ಮುಗಿಯಲಿಲ್ಲ. 1972ರ ಏಪ್ರಿಲ್‌ನಲ್ಲಿ ಅಪೊಲೊ 16 ಇಳಿದ ಡೆಕಾರ್ಟ್ ಎತ್ತರದ ಪ್ರದೇಶ ಜ್ವಾಲಾಮುಖಿಯಿಂದ ಆದದ್ದೆಂದು ನಂಬಿಯೇ ಆ ಜಾಗವನ್ನು ಆರಿಸಲಾಗಿತ್ತು. ಗಗನಯಾತ್ರಿಗಳಿಗೆ ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಬ್ರೆಕ್ಸಿಯಾ, ಅಂದರೆ ಅಪ್ಪಳಿಕೆಯಲ್ಲಿ ಪುಡಿಯಾಗಿ ಮತ್ತೆ ಬೆಸೆದುಕೊಂಡ ಕಲ್ಲು. ಲಾವಾ ಹರಿದದ್ದು ಸುಳ್ಳಲ್ಲ. ಕಪ್ಪು ಸಾಗರಗಳು ಬಹುಪಾಲು 300 ಕೋಟಿ ವರ್ಷಕ್ಕೂ ಹಿಂದೆ ಉಕ್ಕಿ ಹೆಪ್ಪುಗಟ್ಟಿದ ಬಸಾಲ್ಟ್. ಆದರೆ ಅದು ತುಂಬಿಕೊಂಡ ದೊಡ್ಡ ತಗ್ಗುಗಳು ಅಪ್ಪಳಿಕೆಯವೇ.

ಅಪೊಲೊ ಯಾತ್ರೆಗಳು ತಂದ 382 ಕಿಲೋ ಕಲ್ಲುಮಣ್ಣು ಚಂದ್ರನ ಹುಟ್ಟಿನ ಪ್ರಶ್ನೆಯನ್ನೂ ತಿರುಗಿಸಿಬಿಟ್ಟಿತು. ಅದರಲ್ಲಿದ್ದ ಅನಾರ್ಥೊಸೈಟ್ ಎಂಬ ಬಿಳಿ ಕಲ್ಲನ್ನು ನೋಡಿ, ಚಂದ್ರ ಒಮ್ಮೆ ಶಿಲಾರಸದ ಕಡಲಾಗಿತ್ತೆಂದೂ ಹಗುರ ಹರಳುಗಳು ಹಾಲಿನ ಕೆನೆಯಂತೆ ಮೇಲೆ ತೇಲಿ ತೊಗಟೆಯಾದವೆಂದೂ 1970ರಲ್ಲಿ ವಿಜ್ಞಾನಿಗಳು ಸೂಚಿಸಿದರು. ಅಷ್ಟು ಕಾವು ಬಂದದ್ದೆಲ್ಲಿಂದ? ಚಂದ್ರನಲ್ಲಿ ಕಬ್ಬಿಣ ಕಡಿಮೆ, ಬೇಗ ಆವಿಯಾಗುವ ವಸ್ತುಗಳು ಇನ್ನೂ ಕಡಿಮೆ, ಆಮ್ಲಜನಕದ ಐಸೊಟೋಪುಗಳ ಪ್ರಮಾಣ ಮಾತ್ರ ಭೂಮಿಯದರಂತೆಯೇ. ಭೂಮಿಯಿಂದ ಸಿಡಿದದ್ದು, ಬೇರೆಲ್ಲೋ ಹುಟ್ಟಿ ಭೂಮಿಯ ಸೆಳೆತಕ್ಕೆ ಸಿಕ್ಕಿಬಿದ್ದದ್ದು ಎಂಬ ಹಳೆಯ ಊಹೆಗಳು ಇವೆಲ್ಲವನ್ನೂ ಒಟ್ಟಿಗೆ ವಿವರಿಸಲಾರದೆ ಹೋದವು. 1975ರಲ್ಲಿ ಹಾರ್ಟ್‌ಮನ್ ಮತ್ತು ಡೇವಿಸ್, ಮರುವರ್ಷ ಕ್ಯಾಮರಾನ್ ಮತ್ತು ವಾರ್ಡ್ ಮುಂದಿಟ್ಟ ವಿವರಣೆಯಲ್ಲಿ ಎಳೆಯ ಭೂಮಿಗೆ ಇನ್ನೊಂದು ಗ್ರಹಕಾಯ ಗುದ್ದುತ್ತದೆ. ಕ್ಯಾಮರಾನ್ ಮತ್ತು ವಾರ್ಡ್ ಅದನ್ನು ಮಂಗಳನಷ್ಟು ದೊಡ್ಡದೆಂದು ಲೆಕ್ಕಹಾಕಿದರು. ಸುಮಾರು 450 ಕೋಟಿ ವರ್ಷಗಳ ಹಿಂದಿನ ಆ ಗುದ್ದಿನಲ್ಲಿ ಎರಚಿದ ಕಾದ ದ್ರವ್ಯ ಒಟ್ಟುಗೂಡಿ ಚಂದ್ರನಾಯಿತು. 1984ರಲ್ಲಿ ಹವಾಯಿಯ ಕೋನಾದಲ್ಲಿ ಸೇರಿದ ಸಮ್ಮೇಳನದ ನಂತರ ಇದೇ ಪ್ರಬಲ ಮತವಾಗಿದೆ. ಐಸೊಟೋಪುಗಳು ಅಷ್ಟೊಂದು ಹೋಲುವುದೇಕೆ ಎಂಬ ಚರ್ಚೆ ಇನ್ನೂ ನಡೆದಿದೆ.

ಈ ಚರಿತ್ರೆಯ ಈಚಿನ ಪುಟಕ್ಕೆ ಬೆಂಗಳೂರಿನ ನಂಟಿದೆ. ಬೆಂಗಳೂರಿನ ನಿಯಂತ್ರಣ ಕೇಂದ್ರದ ನಿಗಾದಲ್ಲಿ 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವದ ಕಡೆ ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್, ಸುಮಾರು 100 ಮೀಟರ್ ಚಲಿಸುತ್ತ 23 ಕಡೆ ಮಣ್ಣಿನ ಧಾತುಗಳನ್ನು ಅಳೆಯಿತು. ಅಪೊಲೊ ಇಳಿದ ತಾಣಗಳಿಂದ ಬಹುದೂರದ ಆ ಜಾಗದಲ್ಲೂ ಅನಾರ್ಥೊಸೈಟಿನ ಗುರುತೇ ಸಿಕ್ಕಿ, ಶಿಲಾರಸದ ಕಡಲಿನ ಮತಕ್ಕೆ ಬಲ ಬಂತು. ಜೊತೆಗೆ ನಿರೀಕ್ಷೆಗಿಂತ ಹೆಚ್ಚು ಮೆಗ್ನೀಸಿಯಂ ಇತ್ತು. ಸುಮಾರು 2,500 ಕಿಲೋಮೀಟರ್ ಅಗಲದ ದಕ್ಷಿಣ ಧ್ರುವ–ಐಟ್ಕೆನ್ ತಗ್ಗನ್ನು ತೋಡಿದ ಅಪ್ಪಳಿಕೆ ಆಳದ ಪದರದ ಕಲ್ಲನ್ನು ಮೇಲಕ್ಕೆಸೆದು ಇಲ್ಲಿ ಬೆರೆಸಿರಬೇಕು ಎಂಬುದು ಈ ಅಳತೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2024ರಲ್ಲಿ ಕೊಟ್ಟ ವಿವರಣೆ.