ಮೂವತ್ತು ಡಾಲರಿನ ಹುಡುಗರು

ಕಾಡಿನಲ್ಲಿ ಚಾರಣಿಗರಿಗೆಂದು ಕಟ್ಟಿದ ತಂಗುಮನೆಗಳ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಮೊದಲು ಹುಡುಕುವುದು, ಅವುಗಳ ಕಲ್ಲು ಹೊತ್ತವರು ಯಾರೆಂಬುದನ್ನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಗ್ರೇಲಾಕ್. ಎತ್ತರ 3,491 ಅಡಿ. ಅದರ ನೆತ್ತಿಯ ಮೇಲೆ ಬ್ಯಾಸ್ಕಮ್ ಲಾಡ್ಜ್ ಇದೆ. ಅದನ್ನು ಕಟ್ಟಿದವರ ಕಥೆ ನನ್ನನ್ನು ಬಹುವಾಗಿ ಕಾಡಿದೆ.

1929ರ ಆರ್ಥಿಕ ಕುಸಿತದ ತರುವಾಯ ಆ ದೇಶದ ಲಕ್ಷಾಂತರ ಮನೆಗಳಲ್ಲಿ ಒಲೆ ಹೊತ್ತುವುದೇ ದುಸ್ತರವಾಯಿತು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ನಿರುದ್ಯೋಗಿ ತರುಣರಿಗಾಗಿ ‘ಸಿವಿಲಿಯನ್ ಕನ್ಸರ್ವೇಷನ್ ಕೋರ್’ ಎಂಬ ದಳವನ್ನು ಸ್ಥಾಪಿಸಿದರು. ಮೊದಲು ಸೇರಿದವರು ಬಹುಪಾಲು 18ರಿಂದ 25 ವರ್ಷದ ಅವಿವಾಹಿತರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಅವರು ಗಿಡ ನೆಟ್ಟರು, ಕಾಲುದಾರಿ ಕಡಿದರು, ಕಾಳ್ಗಿಚ್ಚು ನಂದಿಸಿದರು. ಗ್ರೇಲಾಕಿನಲ್ಲಿ ಬೀಡುಬಿಟ್ಟವರು ಆ ಸೀಮೆಯದೇ ಕಲ್ಲು, ಸ್ಪ್ರೂಸ್ ಮರಗಳನ್ನು ಬಳಸಿ 1930ರ ದಶಕದಲ್ಲಿ ಈ ಲಾಡ್ಜನ್ನು ಕಟ್ಟಿ ಮುಗಿಸಿದರು.

ಕಥೆಯಲ್ಲಿ ಕಲೆಯೂ ಉಂಟು. ದಳದ ಕಾನೂನು ವರ್ಣಭೇದ ಕೂಡದೆಂದಿತ್ತು. ಆದರೂ 1935ರಿಂದ ಕಪ್ಪು ತರುಣರನ್ನು ಬೇರೆ ಶಿಬಿರಗಳಲ್ಲಿಡುವುದೇ ನಿಯಮವಾಯಿತು. 1942ರಲ್ಲಿ ದಳವೇ ಮುಚ್ಚಿತು. ಅಷ್ಟರಲ್ಲಿ ಸುಮಾರು 30 ಲಕ್ಷ ಮಂದಿ ಅದರಲ್ಲಿ ದುಡಿದಿದ್ದರು. ಅನೇಕರು ಗುದ್ದಲಿ ಇಳಿಸಿ, ಬಂದೂಕು ಹೊತ್ತು ಯುದ್ಧಕ್ಕೆ ಹೊರಟರು.

ಲಾಡ್ಜಿಗೆ ಇಟ್ಟ ಹೆಸರು, ಆ ಬೆಟ್ಟದ ರಕ್ಷಣೆಗೆ ಶ್ರಮಿಸಿದ ಪ್ರಾಧ್ಯಾಪಕ ಜಾನ್ ಬ್ಯಾಸ್ಕಮರದು. ಅದು ಉಚಿತವೇ. ಆದರೆ ಅಪಲಾಚಿಯನ್ ಕಾಲುದಾರಿಯಲ್ಲಿ ನಡೆದು ದಣಿದವರು ಅಲ್ಲಿ ಬೆನ್ನು ಒರಗಿಸುವುದು, ಮನೆಗೆ 25 ಡಾಲರ್ ಕಳಿಸಿ, ಉಳಿದ ಐದನ್ನು ಜೇಬಿನಲ್ಲಿಟ್ಟುಕೊಂಡ ಹುಡುಗನೊಬ್ಬ ಎತ್ತಿಟ್ಟ ಕಲ್ಲಿಗೆ.