ಕಡತಗಳ ಸರದಿ

ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕರಿಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದ ನಮ್ಮ ಶಾನುಭೋಗರಿಗೆ, ಬರೆದುದನ್ನು ಅಳಿಸಿ ಅದೇ ಬಟ್ಟೆಯ ಮೇಲೆ ಮತ್ತೆ ಬರೆಯುವ ಅನುಕೂಲವಿದ್ದುದರಿಂದ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ವಿವೇಕವೂ ಲೇಖನಕೌಶಲದಷ್ಟೇ ಅವಶ್ಯಕವಾಗಿದ್ದಿತು. ಕಂಪ್ಯೂಟರಿನ ಫೈಲಿಗೆ ಕನ್ನಡವು ಕಡತವೆಂಬ ಅದೇ ಹೆಸರನ್ನಿತ್ತುದು ನನಗೆ ಬಹಳ ಸಮಂಜಸವಾಗಿ ತೋರುತ್ತದೆ.

1969 ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿದ ಯೂನಿಕ್ಸ್, ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ದುಡಿಯುವ ವ್ಯವಸ್ಥೆಯಾಗಿ ಬೆಳೆಯಿತು. ಯಾರು ಯಾವಾಗ ಒಳಬಂದರು, ಯಾವಾಗ ಹೊರಟರು ಎಂಬ ವಿವರ ‘ಡಬ್ಲ್ಯೂಟಿಎಂಪಿ’ ಎಂಬ ಕಡತದ ಕೊನೆಗೆ ಸೇರುತ್ತಲೇ ಹೋಗುತ್ತಿದ್ದಿತು. ಆದರೆ 1979 ರ ಏಳನೆಯ ಆವೃತ್ತಿಯಲ್ಲಿಯೂ ಆ ಕಡತವನ್ನು ವ್ಯವಸ್ಥೆಯು ತಾನಾಗಿ ನಿರ್ಮಿಸುತ್ತಿರಲಿಲ್ಲ, ಯಾರಾದರೂ ಅದನ್ನು ತೆಗೆದುಹಾಕಿದರೆ ಬರವಣಿಗೆಯೇ ನಿಂತುಹೋಗುತ್ತಿದ್ದಿತು. ಆ ಕಾಲದ ಆರ್‌ಕೆ05 ಎಂಬ ಸಂಗ್ರಹದ ತಟ್ಟೆಯೊಂದರಲ್ಲಿ ಹಿಡಿಯುತ್ತಿದ್ದುದು ಸುಮಾರು 25 ಲಕ್ಷ ಬೈಟುಗಳು ಮಾತ್ರವೆಂಬುದನ್ನು ನೆನೆದರೆ ಈ ಸಂಕೋಚದ ಕಾರಣ ತಿಳಿಯುತ್ತದೆ. ತಟ್ಟೆ ತುಂಬಿತೆಂದರೆ ಒಬ್ಬರ ಕೆಲಸವಲ್ಲ, ಅದನ್ನು ಹಂಚಿಕೊಂಡ ಎಲ್ಲರ ಕೆಲಸವೂ ಕೆಡುವುದು.

1980 ರ ದಶಕದಲ್ಲಿ ಬರ್ಕಲಿಯ ಎರಿಕ್ ಆಲ್ಮನ್ ಅವರು ತಮ್ಮ ಸೆಂಡ್‌ಮೇಲ್ ಎಂಬ ಅಂಚೆಯ ಕ್ರಮವಿಧಿಗಾಗಿ ರಚಿಸಿದ ಸಿಸ್‌ಲಾಗ್, ಕ್ರಮೇಣ ಯಂತ್ರದ ಹಲವು ಸೇವೆಗಳ ವರದಿಯನ್ನೂ ಒಂದೆಡೆ ಬರೆದಿಡುವ ಕರಣಿಕನಾಯಿತು. ಬೆಳೆಯುತ್ತಲೇ ಹೋಗುವ ಆ ವರದಿಯ ಕಡತವನ್ನು ಆಗಾಗ ತೆಗೆದಿರಿಸಿ ಹೊಸತನ್ನು ತೆರೆಯಬೇಕಾಗುತ್ತಿದ್ದಿತು; ತೊಡಕು ಬಂದುದು ಇಲ್ಲಿಯೇ. ಯೂನಿಕ್ಸಿನಲ್ಲಿ ಕಡತ ಬೇರೆ, ಅದರ ಹೆಸರು ಬೇರೆ; ಬರೆಯುತ್ತಿರುವ ಕಡತದ ಹೆಸರನ್ನು ಬದಲಿಸಿದರೂ ಕರಣಿಕನು ಅದರಲ್ಲಿಯೇ ಬರೆಯುತ್ತಿರುವನು, ಹೆಸರನ್ನು ಪೂರ್ತಿ ಅಳಿಸಿಬಿಟ್ಟರೂ ಅವನು ಹಿಡಿದಿರುವಷ್ಟು ಕಾಲ ಅದು ಆಕ್ರಮಿಸಿದ ಸ್ಥಳವು ಬಿಡುಗಡೆಯಾಗದು. ಆದುದರಿಂದ ಹಳೆಯ ಕಡತಕ್ಕೆ ಬೇರೆ ಹೆಸರಿಟ್ಟು, ಬರಿದಾದ ಹೊಸತನ್ನು ಅದರ ಸ್ಥಾನದಲ್ಲಿರಿಸಿ, ಅನಂತರ ಕರಣಿಕನಿಗೆ ‘ಹ್ಯಾಂಗ್‌ಅಪ್’ ಸಂಕೇತವನ್ನು ಕಳುಹಿಸುವ ಪದ್ಧತಿ ನೆಲೆಗೊಂಡಿತು. ದೂರವಾಣಿಯ ಸಂಪರ್ಕ ಕಡಿದುಹೋದುದನ್ನು ತಿಳಿಸಲು ಹುಟ್ಟಿದ ಸಂಕೇತವು ಹೀಗೆ ಹೊಸ ಪುಸ್ತಕವನ್ನು ತೆರೆಯೆಂಬ ಆಜ್ಞೆಯಾಯಿತು. ಇಷ್ಟು ಸರಳವೂ ಸುಂದರವೂ ಆದ ಉಪಾಯವನ್ನು ನಾನು ಈ ಶಾಸ್ತ್ರದಲ್ಲಿ ಹೆಚ್ಚಾಗಿ ಕಂಡಿಲ್ಲ.

ಎಂಐಟಿಯ ಅಥೀನಾ ಯೋಜನೆಯಲ್ಲಿ ಥಿಯೋಡೋರ್ ಚೋ ಬರೆದ ನ್ಯೂಸಿಸ್‌ಲಾಗ್ ಈ ಕಾರ್ಯವನ್ನು ತಾನಾಗಿ ನಡೆಯುವಂತೆ ಮಾಡಿತು. ತೊಂಬತ್ತರ ದಶಕದಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಎರಿಕ್ ಟ್ರೋನ್ ರಚಿಸಿದ ಲಾಗ್‌ರೊಟೇಟ್ ಲಿನಕ್ಸಿಗೆ ಅದನ್ನೇ ಒದಗಿಸಿತು: ದಿನಕ್ಕೋ ವಾರಕ್ಕೋ ಸರದಿ ಬದಲಿಸುವುದು, ಹಳತನ್ನು ಅಡಕಗೊಳಿಸುವುದು, ಗೊತ್ತುಪಡಿಸಿದ ಸಂಖ್ಯೆಯನ್ನು ಮೀರಿದುದನ್ನು ಅಳಿಸುವುದು. ಸಂಕೇತವನ್ನು ಕೇಳಿಯೂ ಹೊಸ ಕಡತವನ್ನು ತೆರೆಯಲರಿಯದ ಬರಹಗಾರರಿಗಾಗಿ, ಇದ್ದುದನ್ನು ನಕಲು ಮಾಡಿ ಮೂಲವನ್ನು ಬರಿದುಮಾಡುವ ಇನ್ನೊಂದು ಮಾರ್ಗವನ್ನೂ ಅದು ಇರಿಸಿಕೊಂಡಿದೆ. ನಕಲು ಮುಗಿದು ಮೂಲವು ಬರಿದಾಗುವ ನಡುವಣ ಕ್ಷಣಮಾತ್ರದಲ್ಲಿ ಬರೆದ ಕೆಲವು ಸಾಲುಗಳು ನಷ್ಟವಾಗಬಹುದೆಂದು ಅದರ ಕೈಪಿಡಿಯು ಮುಚ್ಚುಮರೆಯಿಲ್ಲದೆ ಹೇಳುತ್ತದೆ.