ಲಿನಕ್ಸ್ ವ್ಯವಸ್ಥೆಯಲ್ಲಿ ವಿಡಿಯೋ ಆಟಗಳು: ಒಂದು ಚಾರಿತ್ರಿಕ ವಿವೇಚನೆ

ಕಂಪ್ಯೂಟರಿನ ಚರಿತ್ರೆಯನ್ನು ಬರೆಯುವವರು ಗಣಿತ, ಯುದ್ಧ, ವಾಣಿಜ್ಯ ಈ ಮೂರರ ಪ್ರೇರಣೆಯನ್ನು ವಿಸ್ತಾರವಾಗಿ ವಿವರಿಸಿ, ಆಟದ ವಿಷಯ ಬಂದಾಗ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದುಂಟು. ಆಟವೆಂದರೆ ಕಾಲಹರಣ, ಕಾಲಹರಣಕ್ಕೆ ಚರಿತ್ರೆಯೇಕೆ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಒಂದು ಯಂತ್ರವನ್ನು ಹಣ ಕೊಟ್ಟು ಕೊಂಡವನಿಗೆ ಅದರ ಮೇಲೆ ಎಷ್ಟರಮಟ್ಟಿನ ಅಧಿಕಾರವಿದೆ ಎಂಬ ಪ್ರಶ್ನೆಯು ಆಟದ ಸಂದರ್ಭದಲ್ಲಿ ಬಹು ಸ್ಪಷ್ಟವಾಗಿ ತಲೆದೋರುತ್ತದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ಆಟಗಳು ನೆಲೆಗೊಂಡ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಾರ್ಯಾಚರಣ ವ್ಯವಸ್ಥೆಯೆಂಬುದು ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ಹೊಂದಿಸುವ ಮೂಲತಂತ್ರ. ೧೯೮೩ ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್, ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಇಂತಹ ಒಂದು ವ್ಯವಸ್ಥೆಯನ್ನು ರಚಿಸುವ ಸಂಕಲ್ಪವನ್ನು ಪ್ರಕಟಿಸಿ ಅದಕ್ಕೆ ಗ್ನೂ ಎಂದು ಹೆಸರಿಟ್ಟನು. ೧೯೯೧ ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೆದ ಕರ್ನೆಲನ್ನು, ಎಂದರೆ ವ್ಯವಸ್ಥೆಯ ತಿರುಳುಭಾಗವನ್ನು, ಹೊರತಂದನು. ಮರುವರ್ಷವೇ ಅದು ಗ್ನೂ ಸಾರ್ವಜನಿಕ ಪರವಾನಗಿಗೆ ಒಳಪಟ್ಟಿತು. ಈ ಪರವಾನಗಿಯ ಪ್ರಕಾರ ತಂತ್ರಾಂಶವನ್ನು ತಿದ್ದಿ ಹಂಚುವವನು ತಿದ್ದಿದ ಮೂಲವನ್ನೂ ಅದೇ ಷರತ್ತಿನ ಮೇಲೆ ಪಡೆಯುವವರಿಗೆ ಒದಗಿಸತಕ್ಕದ್ದು. ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಉಳಿಸಿಕೊಡಬೇಕೆಂಬ ಈ ಕಟ್ಟಳೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಲಿನಕ್ಸಿಗೂ ಆಟಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ಬಹುಕಾಲ ಹೇಳುತ್ತಿದ್ದರು. ಆರಂಭಕಾಲದ ಸಂಗತಿಗಳು ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ೧೯೯೩ ರಲ್ಲಿ ಹೊರಬಂದು ಲೋಕಪ್ರಸಿದ್ಧವಾದ ಡೂಮ್ ಎಂಬ ಆಟವನ್ನು ಇಡ್ ಸಾಫ್ಟ್‌ವೇರ್ ಸಂಸ್ಥೆಯಲ್ಲಿದ್ದ ಡೇವ್ ಟೇಲರ್ ೧೯೯೪ ರಲ್ಲಿಯೇ ಲಿನಕ್ಸಿಗೆ ಅಳವಡಿಸಿದ್ದನು. ೧೯೯೭ ರಲ್ಲಿ ಆ ಸಂಸ್ಥೆ ಡೂಮಿನ ಮೂಲಬರೆಹವನ್ನು ಸಾರ್ವಜನಿಕರ ಮುಂದಿಟ್ಟಾಗ ಪ್ರಕಟವಾದದ್ದೂ ಲಿನಕ್ಸ್ ಪಾಠವೇ. ಡಾಸ್ ಪಾಠದಲ್ಲಿ ಧ್ವನಿಗಾಗಿ ಬಳಸಿದ್ದ ಭಾಗವು ಅನ್ಯರ ಸ್ವತ್ತಾಗಿತ್ತು. ೧೯೯೫ ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾನಿಲಯದ ಮೂವರು ವಿದ್ಯಾರ್ಥಿಗಳು ಫ್ರೀಸಿವ್ ಎಂಬ ಮುಕ್ತ ಆಟವನ್ನು ರಚಿಸಲು ತೊಡಗಿದರು. ಹೀಗಿದ್ದರೂ ಆಟಗಳ ಮಾರುಕಟ್ಟೆ ಲಿನಕ್ಸಿನಿಂದ ದೂರ ಸರಿಯಿತು. ಮೈಕ್ರೋಸಾಫ್ಟ್ ೧೯೯೫ ರಲ್ಲಿ ಹೊರತಂದ ಡೈರೆಕ್ಟ್‌ಎಕ್ಸ್ ಇದಕ್ಕೆ ಒಂದು ಮುಖ್ಯ ಕಾರಣ. ಚಿತ್ರ, ಧ್ವನಿ, ಕೀಲಿಮಣೆ ಇವುಗಳ ನಿರ್ವಹಣೆಗೆ ಅದು ಸಿದ್ಧ ಸಲಕರಣೆಗಳನ್ನು ಒದಗಿಸಿತು. ಆದರೆ ಅದನ್ನು ನಂಬಿ ರಚಿತವಾದ ಆಟವು ವಿಂಡೋಸ್ ವ್ಯವಸ್ಥೆಯನ್ನು ಬಿಟ್ಟು ಕದಲಲಾರದಾಯಿತು.

ಈ ಕಟ್ಟನ್ನು ಬಿಡಿಸಲು ನಡೆದ ಮೊದಲ ವ್ಯವಸ್ಥಿತ ವಾಣಿಜ್ಯ ಪ್ರಯತ್ನ ಲೋಕಿ ಸಾಫ್ಟ್‌ವೇರ್ ಸಂಸ್ಥೆಯದು. ಸ್ಕಾಟ್ ಡ್ರೇಕರ್ ೧೯೯೮ ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಈ ಸಂಸ್ಥೆ, ಅನ್ಯರ ಜನಪ್ರಿಯ ಆಟಗಳನ್ನು ಅನುಮತಿ ಪಡೆದು ಲಿನಕ್ಸಿಗೆ ರೂಪಾಂತರಿಸಿ ಮಾರುವ ಕಾರ್ಯವನ್ನು ಕೈಕೊಂಡಿತು. ೧೯೯೯ ರಲ್ಲಿ ‘ಸಿವಿಲೈಸೇಷನ್: ಕಾಲ್ ಟು ಪವರ್’ ಹೊರಬಂದಿತು, ಇತರ ಆಟಗಳು ಅದನ್ನು ಹಿಂಬಾಲಿಸಿದವು. ಆದರೆ ಕೊಳ್ಳುವವರು ಕೆಲವರೇ ಆದುದರಿಂದ ಸಂಸ್ಥೆ ೨೦೦೧ ರಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಿ, ೨೦೦೨ ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ವಾಣಿಜ್ಯ ದೃಷ್ಟಿಯಿಂದ ಇದು ಸೋಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲಾಂಟಿಂಗಾ ೧೯೯೮ ರಲ್ಲಿ ರಚಿಸಿದ ಎಸ್‌ಡಿಎಲ್ ಎಂಬ ತಂತ್ರಾಂಶಭಂಡಾರ ಮುಕ್ತ ಪರವಾನಗಿಯಲ್ಲಿತ್ತು. ಒಂದೇ ಆಟವನ್ನು ಹಲವು ವ್ಯವಸ್ಥೆಗಳಲ್ಲಿ ನಡೆಯುವಂತೆ ಬರೆಯಲು ಅದು ನೆರವಾಗುತ್ತದೆ. ಲೋಕಿ ಅಳಿದರೂ ಎಸ್‌ಡಿಎಲ್ ಅಳಿಯಲಿಲ್ಲ. ಇಂದಿಗೂ ಅಸಂಖ್ಯ ಆಟಗಳು ಅದನ್ನು ಆಶ್ರಯಿಸಿವೆ.

ಎರಡನೆಯ ಮಾರ್ಗ ವೈನ್ ಯೋಜನೆಯದು. ಆಟವನ್ನು ಲಿನಕ್ಸಿಗೆಂದು ಪುನಃ ಬರೆಯುವ ಬದಲು, ವಿಂಡೋಸಿಗೆಂದು ಬರೆದ ಆಟವನ್ನೇ ಲಿನಕ್ಸಿನಲ್ಲಿ ನಡೆಸುವುದು ಇದರ ಗುರಿ. ವೈನ್ ಒಬ್ಬ ದುಭಾಷಿಯಂತೆ ವರ್ತಿಸುತ್ತದೆ: ಕಡತವನ್ನು ತೆರೆ, ಕಿಟಕಿಯನ್ನು ರಚಿಸು, ಚಿತ್ರವನ್ನು ಬರೆ ಎಂದು ಆಟವು ವಿಂಡೋಸಿಗೆ ಮಾಡುವ ಕೋರಿಕೆಗಳನ್ನು ಅದು ಕೇಳಿಸಿಕೊಂಡು, ಅದೇ ಕೆಲಸವನ್ನು ಲಿನಕ್ಸಿನಿಂದ ಮಾಡಿಸಿಕೊಡುತ್ತದೆ. ಮೈಕ್ರೋಸಾಫ್ಟಿನ ಮೂಲಬರೆಹ ಗುಟ್ಟಾಗಿದ್ದುದರಿಂದ ಪ್ರತಿಯೊಂದು ಕೋರಿಕೆಯ ವರ್ತನೆಯನ್ನೂ ಹೊರಗಿನಿಂದ ಪರೀಕ್ಷಿಸಿ ಅರಿಯಬೇಕಾಗಿತ್ತು. ೧೯೯೩ ರಲ್ಲಿ ಆರಂಭವಾದ ಈ ಯೋಜನೆಯ ಹೊಣೆಯನ್ನು ಮರುವರ್ಷದಿಂದ ಅಲೆಕ್ಸಾಂಡ್ರ್ ಜೂಲಿಯಾರ್ ವಹಿಸಿಕೊಂಡನು, ೧.೦ ಆವೃತ್ತಿ ಸಿದ್ಧವಾದದ್ದು ೨೦೦೮ ರಲ್ಲಿ. ಹದಿನೈದು ವರ್ಷಗಳ ಈ ತಾಳ್ಮೆಯನ್ನು ಯಾವ ವ್ಯಾಪಾರಿಯೂ ತೋರಲಾರನು.

ಈ ಯೋಜನೆಯ ಚರಿತ್ರೆಯಲ್ಲಿ ೨೦೦೨ ನಿರ್ಣಾಯಕ ವರ್ಷವೆಂದು ನಾವು ಭಾವಿಸುತ್ತೇವೆ. ಅದುವರೆಗೆ ವೈನಿನ ಪರವಾನಗಿ ಸಡಿಲವಾಗಿದ್ದು, ಯಾರು ಬೇಕಾದರೂ ಅದನ್ನು ಒಯ್ದು, ತಮ್ಮ ಸುಧಾರಣೆಗಳನ್ನು ಮರಳಿಸದೆ ಮಾರಬಹುದಾಗಿತ್ತು. ಟ್ರಾನ್ಸ್‌ಗೇಮಿಂಗ್ ಸಂಸ್ಥೆ ಹಾಗೆ ತನ್ನದೇ ಒಂದು ಶಾಖೆಯನ್ನು ಬೆಳೆಸಿ, ಆಟಗಾರರಿಂದ ಚಂದಾ ಪಡೆದು ನಡೆಸುತ್ತಿತ್ತು. ೨೦೦೨ ರ ಮಾರ್ಚಿನಲ್ಲಿ ವೈನ್ ಯೋಜನೆಯವರು, ತಿದ್ದಿದ ಭಾಗಗಳನ್ನು ಹಂಚುವಾಗ ಅವುಗಳ ಮೂಲವನ್ನೂ ಕೊಡಬೇಕೆಂಬ ಪರವಾನಗಿಯನ್ನು ಅಂಗೀಕರಿಸಿದರು. ಮುಂದೆ ಸೆಡೆಗಾ ಎಂದು ಹೆಸರಾದ ಟ್ರಾನ್ಸ್‌ಗೇಮಿಂಗಿನ ಶಾಖೆ ೨೦೧೧ ರಲ್ಲಿ ನಿಂತುಹೋಯಿತು. ಸಾರ್ವಜನಿಕ ವೈನ್ ಬೆಳೆಯುತ್ತಲೇ ಹೋಯಿತು.

ಮೂರನೆಯ ಘಟ್ಟ ಅನಿರೀಕ್ಷಿತ ದಿಕ್ಕಿನಿಂದ ಬಂದಿತು. ಸ್ಟೀಮ್ ಎಂಬ ಆಟಗಳ ಅಂಗಡಿಯನ್ನು ನಡೆಸುವ ವಾಲ್ವ್ ಸಂಸ್ಥೆಯ ಗೇಬ್ ನ್ಯೂಯೆಲ್ ೨೦೧೨ ರಲ್ಲಿ ವಿಂಡೋಸ್ ೮ ಅನ್ನು ಬಹಿರಂಗವಾಗಿ ಟೀಕಿಸಿದನು. ಆ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ತನ್ನದೇ ಅಂಗಡಿಯನ್ನು ಸೇರಿಸಿತ್ತು. ೨೦೧೩ ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸಿಗೆ ಬಂದಿತು. ಮುಕ್ತತೆಯ ಮೇಲಿನ ಪ್ರೇಮಕ್ಕಿಂತ ಪರಾಧೀನತೆಯ ಭಯವೇ ಇಲ್ಲಿ ಪ್ರೇರಕವೆಂದು ಹೇಳಿದರೆ ತಪ್ಪಾಗಲಾರದು. ೨೦೧೫ ರಲ್ಲಿ ಲಿನಕ್ಸ್ ಅಳವಡಿಸಿದ ‘ಸ್ಟೀಮ್ ಮೆಷೀನ್’ಗಳು ಮಾರಾಟಕ್ಕೆ ಬಂದವು, ಆದರೆ ಅವುಗಳಲ್ಲಿ ಆಡಬಹುದಾದ ಆಟಗಳು ಕಡಮೆಯಿದ್ದುದರಿಂದ ಜನ ಒಲಿಯಲಿಲ್ಲ. ಲೋಕಿಯ ಸೋಲೇ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

ಸೋತವರು ಈ ಬಾರಿ ವೈನಿನ ಕಡೆ ತಿರುಗಿದರು. ೨೦೧೬ ರಲ್ಲಿ ವಲ್ಕನ್ ಎಂಬ ಹೊಸ ಚಿತ್ರಲೇಖನ ವಿಧಾನ ಪ್ರಕಟವಾಗಿತ್ತು. ಫಿಲಿಪ್ ರೆಬೋಲೆ ಎಂಬವನು ತನಗೆ ಬೇಕಾದ ಒಂದು ಆಟವನ್ನು ಲಿನಕ್ಸಿನಲ್ಲಿ ಆಡುವ ಆಸೆಯಿಂದ, ಮೈಕ್ರೋಸಾಫ್ಟಿನ ಚಿತ್ರಲೇಖನ ಕೋರಿಕೆಗಳನ್ನು ವಲ್ಕನಿಗೆ ಭಾಷಾಂತರಿಸುವ ಡಿಎಕ್ಸ್‌ವಿಕೆಯನ್ನು ೨೦೧೭ ರಲ್ಲಿ ಬರೆಯತೊಡಗಿದನು. ವಾಲ್ವ್ ಅವನಿಗೆ ಧನಸಹಾಯ ನೀಡಿ, ಕೋಡ್‌ವೀವರ್ಸ್ ಸಂಸ್ಥೆಯೊಡನೆ ಸೇರಿ, ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಒಂದುಗೂಡಿಸಿದ ಪ್ರೋಟಾನನ್ನು ೨೦೧೮ ರ ಆಗಸ್ಟಿನಲ್ಲಿ ಹೊರತಂದಿತು. ೨೦೨೨ ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಇದೇ ತಳಹದಿಯ ಮೇಲೆ ನಿಂತಿದೆ. ೨೦೨೫ ರ ಅಕ್ಟೋಬರಿನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪಾಲು ನೂರಕ್ಕೆ ಮೂರನ್ನು ದಾಟಿತು. ಸಂಖ್ಯೆ ಸಣ್ಣದು, ಆದರೆ ಆಟಕ್ಕಾಗಿ ವಿಂಡೋಸ್ ಕೊಳ್ಳಲೇಬೇಕೆಂಬ ನಿರ್ಬಂಧ ಬಹುಮಟ್ಟಿಗೆ ಸಡಿಲವಾಯಿತು.

ಈ ಸಾಧನೆಗೆ ತೆತ್ತ ಬೆಲೆಯನ್ನೂ ಮರೆಯಬಾರದು. ಭಾಷಾಂತರ ಸುಲಭವಾದಂತೆ ಲಿನಕ್ಸಿಗೆಂದೇ ಆಟ ಬರೆಯುವ ಒತ್ತಾಯ ತಗ್ಗಿತು. ಅದಲ್ಲದೆ ವ್ಯವಸ್ಥೆ ಮುಕ್ತವಾದರೂ ಅದರ ಮೇಲೆ ನಡೆಯುವ ಆಟವೂ ಅದನ್ನು ಮಾರುವ ಅಂಗಡಿಯೂ ಮುಕ್ತವಲ್ಲ. ಸ್ಟಾಲ್ಮನ್ ೨೦೧೨ ರಲ್ಲಿಯೇ ಇದನ್ನು ಚರ್ಚಿಸಿ, ಅಂತಹ ಆಟಗಳನ್ನು ಆಡುವುದಾದರೆ ವಿಂಡೋಸಿಗಿಂತ ಗ್ನೂ ವ್ಯವಸ್ಥೆಯಲ್ಲಿ ಆಡುವುದು ಲೇಸು, ಆದರೆ ಅದರಿಂದಲೇ ಸ್ವಾತಂತ್ರ್ಯದ ಅರಿವು ಹರಡೀತೆಂದು ಎಣಿಸಲಾಗದು ಎಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದನು.

ಈ ಆಕ್ಷೇಪದ ತೂಕ ಈಚಿನ ವರ್ಷಗಳಲ್ಲಿ ಹೆಚ್ಚಿದೆ. ಅನೇಕರು ಒಟ್ಟಿಗೆ ಆಡುವ ಆಟಗಳಲ್ಲಿ ಮೋಸವನ್ನು ತಡೆಯಲು ನಿರ್ಮಾಪಕರು ಆಟಗಾರನ ಯಂತ್ರದೊಳಕ್ಕೇ ಕಾವಲು ತಂತ್ರಾಂಶವನ್ನು ಇಳಿಸುತ್ತಾರೆ. ಕೆಲವು ಕಾವಲುಗಳು ವಿಂಡೋಸಿನ ಕರ್ನೆಲನ್ನೇ ಪ್ರವೇಶಿಸುತ್ತವೆ. ೨೦೨೧ ರಲ್ಲಿ ಇಂತಹ ಎರಡು ಪ್ರಮುಖ ಕಾವಲುಗಳು ಪ್ರೋಟಾನಿನಲ್ಲಿ ನಡೆಯಲು ಅವಕಾಶವಾದರೂ, ೨೦೨೪ ರ ಅಕ್ಟೋಬರಿನಲ್ಲಿ ‘ಏಪೆಕ್ಸ್ ಲೆಜೆಂಡ್ಸ್’ ಆಟದವರು, ಲಿನಕ್ಸಿನ ಮುಕ್ತತೆ ಮೋಸಗಾರರಿಗೆ ಅನುಕೂಲವೆಂದು ಕಾರಣ ಕೊಟ್ಟು, ಲಿನಕ್ಸ್ ಬಳಕೆದಾರರನ್ನು ಹೊರಗಿಟ್ಟರು. ನ್ಯಾಯವಾಗಿ ಆಡುವವರ ಹಿತರಕ್ಷಣೆ ಅಗತ್ಯವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಡೆಯನಿಗೆ ತನ್ನ ಯಂತ್ರದ ಮೇಲೆ ಪೂರ್ಣಾಧಿಕಾರವಿರುವುದೇ ಅವನನ್ನು ಹೊರಗಿಡಲು ಕಾರಣವಾಗಬಹುದೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಮೇಲಿನ ಸಂಗತಿಗಳಿಂದ ಒಂದು ಅಂಶ ವಿದಿತವಾಗುತ್ತದೆ. ಮೂವತ್ತು ವರ್ಷಗಳಲ್ಲಿ ಸಂಸ್ಥೆಗಳು ಹುಟ್ಟಿದವು, ಅಳಿದವು. ಉಳಿದದ್ದು ಸಾರ್ವಜನಿಕರಿಗೆ ಒಪ್ಪಿಸಿದ ಮೂಲಬರೆಹ. ವಾಲ್ವ್ ೨೦೧೮ ರಲ್ಲಿ ಕಂಡ ಯಶಸ್ಸು ೧೯೯೩ ರಿಂದ ಇತರರು ಕೂಡಿಟ್ಟ ಬಂಡವಾಳದ ಫಲ. ಆದುದರಿಂದ ಈ ಚರಿತ್ರೆಯನ್ನು ಬರೆಯುವವರು ಸಂಸ್ಥೆಗಳ ಏಳುಬೀಳುಗಳನ್ನು ಮಾತ್ರವೇ ಆಧಾರವಾಗಿಟ್ಟುಕೊಂಡರೆ ಸಾಲದು. ವೈನಿನ ಮೂಲಭಂಡಾರದಲ್ಲಿ ತಿದ್ದುಪಡಿಗಳು ತಿದ್ದಿದವನ ಹೆಸರು ಮತ್ತು ದಿನಾಂಕಗಳೊಡನೆ ದಾಖಲಾಗಿ, ಯಾರು ಬೇಕಾದರೂ ಓದುವಂತೆ ದೊರೆಯುತ್ತವೆ. ಸಮಕಾಲೀನ ಚರಿತ್ರೆಯ ವಿದ್ಯಾರ್ಥಿಗಳಿಗೆ ಇಂತಹ ಆಕರಸಾಮಗ್ರಿ ದೊರೆಯುವುದು ಅಪೂರ್ವ. ನಮ್ಮ ವಿದ್ಯಾರ್ಥಿಗಳು ಅದರ ಕಡೆ ಗಮನ ಹರಿಸುವರೆಂದು ಆಶಿಸುತ್ತೇವೆ.